ಪಿನ್ ಸಿಕ್ಕಿಸಿದ್ದು ಕಂಪ್ಯೂಟರ್‌ಗೆ ಗೊತ್ತಾಗುವುದು ಹೇಗೆ?

ಹೆಡ್‌ಫೋನ್ ಪಿನ್ ಸಿಕ್ಕಿಸಿದ ಕೂಡಲೇ ಲ್ಯಾಪ್‌ಟಾಪ್‌ನ ಸ್ಪೀಕರ್ ಬಂದ್ ಆಗಿ ಹಾಡು ಕಿವಿಗೆ ಬರುತ್ತದೆ. ಇದನ್ನು ಕಂಡವರು ಕಂಪ್ಯೂಟರ್ ಹೆಡ್‌ಫೋನನ್ನು ಗುರುತು ಹಿಡಿಯಿತು ಎಂದುಕೊಳ್ಳುತ್ತಾರೆ. ಹಾಗೇನಿಲ್ಲ. ಎಕ್ಸ್‌ಟೆನ್ಶನ್ ವೈರೊಂದನ್ನು, ಆಚೆ ತುದಿಗೆ ಏನನ್ನೂ ಜೋಡಿಸದೆ, ಜಾಕ್‌ಗೆ ಸಿಕ್ಕಿಸಿ ನೋಡಿ. ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಆಗಲೂ ಸ್ಪೀಕರ್ ಸುಮ್ಮನಾಗುತ್ತದೆ.

ಕೆಲಸ ಮಾಡುವುದು ಜಾಕ್‌ನೊಳಗಿನ ಒಂದು ಪುಟ್ಟ ಲೋಹದ ಪಟ್ಟಿ. 3.5 ಮಿ.ಮೀ. ಪಿನ್ ಒಳಹೊಕ್ಕಾಗ ಅದು ಸರಿದು ಸ್ವಿಚ್ ಒತ್ತಿದಂತಾಗುತ್ತದೆ. ಫ್ರಿಜ್‌ನ ದೀಪಕ್ಕೆ ಬಾಗಿಲು ತೆರೆದದ್ದು ಗೊತ್ತು, ತೆರೆದವರು ಯಾರೆಂದು ಗೊತ್ತಿಲ್ಲ, ಇದೂ ಅಷ್ಟೇ.

ಹಾಗಾದರೆ ಡೆಸ್ಕ್‌ಟಾಪ್‌ನ ಹಿಂದಿರುವ ಹಲವು ಜಾಕ್‌ಗಳಲ್ಲಿ ಪಿನ್ ಯಾವುದಕ್ಕೆ ಬಿತ್ತೆಂದು ತಿಳಿಯುವುದು ಹೇಗೆ? ಜಾಕಿಗೊಂದು ವೈರ್ ಇರಬೇಕು ಎಂಬ ಊಹೆ ಸಹಜ, ಆದರೆ ತಪ್ಪು. ಇಂಟೆಲ್ 2004ರಲ್ಲಿ ತಂದ ಹೈ ಡೆಫಿನಿಷನ್ ಆಡಿಯೋ ವ್ಯವಸ್ಥೆಯಲ್ಲಿ ನಾಲ್ಕು ಜಾಕ್‌ಗಳ ಸುದ್ದಿ ಒಂದೇ ವೈರಿನಲ್ಲಿ ಬರುತ್ತದೆ. ಪ್ರತಿ ಜಾಕ್‌ನ ಸ್ವಿಚ್‌ಗೂ ಬೇರೆ ಬೇರೆ ರೆಸಿಸ್ಟರ್: 39.2, 20, 10 ಮತ್ತು 5.1 ಕಿಲೋಓಮ್. ಸೌಂಡ್ ಚಿಪ್ ಆ ವೈರಿನ ಒಟ್ಟು ರೋಧವನ್ನು ಅಳೆಯುತ್ತದೆ. 20 ಕಂಡರೆ ಎರಡನೆಯ ಜಾಕ್. ಸುಮಾರು 13.2 ಕಂಡರೆ ಮೊದಲನೆಯದೂ ಎರಡನೆಯದೂ ಒಟ್ಟಿಗೆ ತುಂಬಿವೆ. ಒಂದೊಂದು ರೆಸಿಸ್ಟರ್ ಹಿಂದಿನದರ ಅರ್ಧದಷ್ಟು ಇರುವುದರಿಂದ ಯಾವ ಎರಡು ಜೋಡಣೆಗೂ ಒಂದೇ ಅಳತೆ ಬರುವುದಿಲ್ಲ. ಇಷ್ಟು ಅಗ್ಗದ ಜಾಣತನ ಎಲೆಕ್ಟ್ರಾನಿಕ್ಸ್‌ನಲ್ಲೂ ಅಪರೂಪ.

ಚಿಪ್ ಅಳೆದದ್ದನ್ನು ಡ್ರೈವರ್ ಓದಿ ಆಪರೇಟಿಂಗ್ ಸಿಸ್ಟಂಗೆ ಹೇಳುತ್ತದೆ. ಲಿನಕ್ಸ್‌ನಲ್ಲಾದರೆ ಸದ್ದನ್ನು ಯಾವ ಕಡೆಗೆ ತಿರುಗಿಸಬೇಕೆಂದು ಪಲ್ಸ್‌ಆಡಿಯೋ ಅಥವಾ ಪೈಪ್‌ವೈರ್ ನಿರ್ಧರಿಸುತ್ತದೆ. ಹಾಡು ಹಾಕುವ ಪ್ಲೇಯರ್‌ಗೂ ಬ್ರೌಸರ್‌ಗೂ ಸಾಮಾನ್ಯವಾಗಿ ಇದ್ಯಾವುದರ ಗೊಡವೆಯಿಲ್ಲ. ಅವನ್ನು ಬೈದು ಫಲವಿಲ್ಲ.

'ನೀವು ಸಿಕ್ಕಿಸಿದ್ದು ಏನು?' ಎಂದು ಪರದೆಯ ಮೇಲೆ ಕೇಳಿದರೆ ಸಾಫ್ಟ್‌ವೇರ್ ಕೆಟ್ಟಿದೆ ಎನ್ನುವವರಿದ್ದಾರೆ. ಬರೀ ಹೆಡ್‌ಫೋನೋ, ಮೈಕ್ ಇರುವ ಹೆಡ್‌ಸೆಟ್ಟೋ ಎಂದು ಸ್ವಿಚ್ ಒಂದರಿಂದಲೇ ತಿಳಿಯದ ಯಂತ್ರ ಪ್ರಾಮಾಣಿಕವಾಗಿ ಕೇಳುತ್ತಿದೆ, ಅಷ್ಟೇ.

ಎಲ್ಲಕ್ಕಿಂತ ದುಬಾರಿಯಾದ ನಂಬಿಕೆ ಇನ್ನೊಂದಿದೆ: ಜಾಕ್ ಸ್ಪಂದಿಸದಿದ್ದರೆ ವಿಂಡೋಸ್ ಹೊಸದಾಗಿ ಹಾಕಿಸಬೇಕು ಎನ್ನುವುದು. ಡ್ರೈವರ್ ತಪ್ಪೂ ಇರಬಹುದು, ನಿಜ. ಆದರೆ ಹಳೆಯ ಎಸಿ97 ಮಾದರಿಯ ಕ್ಯಾಬಿನೆಟ್‌ನ ಮುಂಭಾಗದ ಜಾಕ್‌ಗಳಿಗೆ ಈ ಸುದ್ದಿ ಒಯ್ಯುವ ವೈರೇ ಇರುವುದಿಲ್ಲ. ರಿಯಲ್‌ಟೆಕ್ ಸಾಫ್ಟ್‌ವೇರ್‌ನಲ್ಲಿ ಮುಂಭಾಗದ ಜಾಕ್ ಪತ್ತೆಯನ್ನು ನಿಲ್ಲಿಸುವ ಆಯ್ಕೆ ಇರುವುದು ಇಂಥ ಸಂದರ್ಭಕ್ಕೇ. ಪಿನ್ ತೆಗೆದರೂ 'ಹೆಡ್‌ಫೋನ್' ಎಂದೇ ತೋರಿಸುತ್ತಿದ್ದರೆ ಲೋಹದ ಪಟ್ಟಿ ವಾಪಸ್ ಬಂದಿಲ್ಲ, ಇಲ್ಲವೇ ಮುರಿದ ಪಿನ್ನಿನ ತುದಿ ಒಳಗೇ ಉಳಿದಿದೆ ಎಂಬ ಅನುಮಾನ ಮೊದಲು ಬರಬೇಕು. ಫಾರ್ಮ್ಯಾಟ್ ಮಾಡಿಸಲು ಅಂಗಡಿಗೆ ಹೊರಡುವ ಮುನ್ನ ಕಂಪ್ಯೂಟರ್ ಆಫ್ ಮಾಡಿ, ಟಾರ್ಚ್ ಬಿಟ್ಟು ಜಾಕ್‌ನೊಳಗೆ ಒಮ್ಮೆ ಇಣುಕಿ ನೋಡಿ.