ದ್ರೋಣಕಾಕ

ಮುಂಬಯಿಯಲ್ಲಿ ಕಾಗೆಯನ್ನರಿಯದ ಬಾಲಕರು ಇರಲಾರರು. ಬೂದುಬಣ್ಣದ ಕೊರಳಿನ ಊರಕಾಗೆಯನ್ನೂ, ಮೈಯೆಲ್ಲ ಕಪ್ಪಾದ ಕಾಡುಕಾಗೆಯನ್ನೂ ನಾವೆಲ್ಲರೂ ಬಲ್ಲೆವು. ಇವೆರಡಕ್ಕೂ ಹಿರಿಯಣ್ಣನಂತಿರುವ ಇನ್ನೊಂದು ಹಕ್ಕಿಯುಂಟು. ಇಂಗ್ಲಿಷಿನಲ್ಲಿ ಅದನ್ನು ರೇವನ್ ಎನ್ನುವರು; ಅಮರಕೋಶದಲ್ಲಿ ಬರುವ ದ್ರೋಣಕಾಕವೆಂಬ ಹೆಸರನ್ನು ಅದಕ್ಕೆ ಬಳಸುವುದುಂಟು.

ಊರಕಾಗೆಯ ಉದ್ದ ಸುಮಾರು 40 ಸೆಂಟಿಮೀಟರಾದರೆ ದ್ರೋಣಕಾಕದ್ದು ಸುಮಾರು 60; ತೂಕವು ಸಾಮಾನ್ಯವಾಗಿ ಒಂದು ಕಿಲೋಗ್ರಾಮಿನಷ್ಟು ಅಥವಾ ಅದಕ್ಕೂ ಹೆಚ್ಚು. ಹಾರುವಾಗ ಬೆಣೆಯಂತೆ ಕಾಣುವ ಬಾಲದಿಂದಲೂ, ಗಂಭೀರವಾದ ಕೂಗಿನಿಂದಲೂ ಅದನ್ನು ಗುರುತಿಸಬಹುದು.

ದಕ್ಷಿಣ ಭಾರತದಲ್ಲಿ ಈ ಹಕ್ಕಿಯ ವಾಸವಿಲ್ಲ. ಆದರೆ ಹಿಮಾಲಯದ ಎತ್ತರದ ಪ್ರದೇಶಗಳಲ್ಲಿಯೂ, ರಾಜಸ್ಥಾನದ ಮರುಭೂಮಿಯಲ್ಲಿಯೂ ಅದು ಕಾಣಸಿಗುತ್ತದೆ. ಎವರೆಸ್ಟ್ ಪರ್ವತದಲ್ಲಿ 6,000 ಮೀಟರಿಗಿಂತ ಮೇಲೆಯೂ ಅದನ್ನು ಕಂಡವರುಂಟು. ಯೂರೋಪು, ಸೈಬೀರಿಯ, ಹಿಮಾವೃತವಾದ ಗ್ರೀನ್‌ಲೆಂಡ್, ಅಲಾಸ್ಕದಿಂದ ನಿಕರಾಗುವದವರೆಗಿನ ಅಮೆರಿಕ ಖಂಡ, ಉತ್ತರ ಆಫ್ರಿಕ—ಇಷ್ಟೂ ಅದರ ನೆಲೆ. ಹಿಮಕ್ಕೂ ಮರಳಿಗೂ ಒಂದೇ ಹಕ್ಕಿ ಒಗ್ಗಿಕೊಂಡುದು ಹೇಗೆ?

ಅದರ ಆಹಾರಕ್ರಮವೇ ಇದಕ್ಕೆ ಮುಖ್ಯ ಉತ್ತರ. ಸತ್ತ ಪ್ರಾಣಿಗಳ ಮಾಂಸ, ಇಲಿ, ಹುಳುಹುಪ್ಪಟೆ, ಇತರ ಹಕ್ಕಿಗಳ ಮೊಟ್ಟೆ, ಕಾಳು, ಹಣ್ಣು—ಯಾವುದನ್ನೂ ಅದು ಬೇಡವೆನ್ನದು. ದೊಡ್ಡ ಮೃಗಗಳ ತೊಗಲನ್ನು ಸೀಳುವ ಶಕ್ತಿ ಅದರ ಕೊಕ್ಕಿಗಿಲ್ಲ. ಆದುದರಿಂದ ತೋಳಗಳನ್ನು ಹಿಂಬಾಲಿಸಿ, ಅವು ಬೇಟೆಯನ್ನು ಸೀಳಿದ ಮೇಲೆ ತನ್ನ ಪಾಲನ್ನು ಎತ್ತಿಕೊಳ್ಳುತ್ತದೆ. ಮಿಕ್ಕುದನ್ನು ಅಲ್ಲಲ್ಲಿ ಹೂತಿಡುತ್ತದೆ. ಬೇರೊಂದು ಹಕ್ಕಿಯ ಕಣ್ಣಿಗೆ ಬೀಳದಂತೆ ಮರೆಯನ್ನೂ ಹುಡುಕುತ್ತದೆ. ಕಾಗೆಯು ಬಳಗವನ್ನು ಕರೆದು ಉಣ್ಣುವುದೆಂದು ನಮ್ಮಲ್ಲಿ ಹೇಳುವರಷ್ಟೆ. ದ್ರೋಣಕಾಕದ ಮರಿಗಳೂ ಬೆಳೆದು ಗೂಡು ಬಿಟ್ಟ ಮೇಲೆ, ಆಹಾರ ಕಂಡೆಡೆ ಜೊತೆಗಾರರನ್ನು ಕೂಗಿ ಕರೆಯುತ್ತವೆ. ಅದು ಕೇವಲ ಔದಾರ್ಯವಲ್ಲ. ಆ ಸ್ಥಳವನ್ನು ಆಳುವ ಹಿರಿಯ ಜೋಡಿಯು ಒಂಟಿ ಹಕ್ಕಿಯನ್ನು ಓಡಿಸಬಲ್ಲುದು, ಗುಂಪನ್ನು ಓಡಿಸಲಾರದು. ಬರ್ನ್ಡ್ ಹೈನ್ರಿಕ್ ಎಂಬ ವಿಜ್ಞಾನಿಯು 1980ರ ದಶಕದಲ್ಲಿ ಅಮೆರಿಕದ ಮೇನ್ ಪ್ರಾಂತದ ಕಾಡುಗಳಲ್ಲಿ ಚಳಿಯನ್ನು ಲೆಕ್ಕಿಸದೆ ಕಾದು ಕುಳಿತು ಇದನ್ನು ಕಂಡುಕೊಂಡನು.

ಎಲ್ಲವನ್ನೂ ತಿನ್ನುವ ಈ ಗುಣದಿಂದ ಒಂದು ಕೇಡೂ ಒದಗಿದೆ. ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ ಹಿಂದೆ ಈ ಹಕ್ಕಿಗಳು ವಿರಳವಾಗಿದ್ದುವು. ಊರುಗಳು ಬೆಳೆದಂತೆ ಕಸದ ರಾಶಿಯು ಅವಕ್ಕೆ ಅನ್ನವನ್ನೂ, ಊರಿನ ಕೊಳಚೆಯ ಹೊಂಡಗಳು ನೀರನ್ನೂ, ವಿದ್ಯುತ್ ಕಂಬಗಳು ಗೂಡಿಗೆ ಎಡೆಯನ್ನೂ ಕೊಟ್ಟುವು. ಹಕ್ಕಿಗಳ ಸಂಖ್ಯೆ ಹಲವು ಮಡಿ ಹೆಚ್ಚಿತು. ಅಲ್ಲಿಯ ನೆಲದಾಮೆಯ ಮರಿಗಳ ಚಿಪ್ಪು ಗಟ್ಟಿಯಾಗಲು ಕೆಲವು ವರ್ಷಗಳು ಬೇಕು; ಅಷ್ಟರೊಳಗೆ ದ್ರೋಣಕಾಕವು ಅವನ್ನು ಕುಕ್ಕಿ ತಿನ್ನುತ್ತದೆ. ಬೇರೆ ಕಾರಣಗಳಿಂದಲೂ ಕ್ಷೀಣಿಸುತ್ತಿದ್ದ ಈ ಆಮೆಯನ್ನು 1990ರಲ್ಲಿ ಅಮೆರಿಕದ ಸರಕಾರವು ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು.

ಹಕ್ಕಿಯನ್ನು ದೂಷಿಸಿ ಫಲವೇನು? ಅದು ಸಿಕ್ಕಿದ್ದನ್ನು ತಿಂದು ಬದುಕಿತು. ಸಿಗುವಂತೆ ಚೆಲ್ಲಿದವರು ಮನುಷ್ಯರು. ನಾವು ಎಸೆದ ಕಸವು ಕಣ್ಣಿಗೆ ಮರೆಯಾದೊಡನೆ ಅದರ ಕಥೆ ಮುಗಿಯುವುದಿಲ್ಲ. ಕಸವನ್ನು ಮುಚ್ಚಿಡುವುದೆಂಬ ಸಣ್ಣ ಕೆಲಸವೂ ಎಲ್ಲಿಯೋ ಒಂದು ಎಳೆಯ ಜೀವವನ್ನು ಕಾಯಬಲ್ಲುದು.