ನಿಮಗಿದು ಗೊತ್ತೇ? ಕಿಡ್ನಿಯ ಹಾರ್ಮೋನು, ಓಟಗಾರರ ಕಳ್ಳದಾರಿ

ನಮ್ಮ ಮೈಯಲ್ಲಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ಹುಟ್ಟುತ್ತವೆ. ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ. ‘ಹುಟ್ಟಿಸು’ ಎಂದು ಅಪ್ಪಣೆ ಕೊಡುವುದು ಕಿಡ್ನಿ. ಆ ಅಪ್ಪಣೆ ಹೊತ್ತೊಯ್ಯುವ ಹಾರ್ಮೋನು ಎರಿಥ್ರೊಪೊಯೆಟಿನ್, ಚಿಕ್ಕದಾಗಿ ಇಪಿಒ.

ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ‘ರಕ್ತದ ಇಂಜೆಕ್ಷನ್’ ಎಂದು ಕೊಡುವುದೂ ಇದನ್ನೇ. ಬೆಂಗಳೂರಿನ ಬಯೋಕಾನ್ ಕಂಪನಿ ಹೊರತಂದ ಎರಿಪ್ರೊ ಇದೇ ಬಗೆಯ ಔಷಧಿ.

ಈ ಹಾರ್ಮೋನನ್ನು ಮೊದಲು ಶುದ್ಧ ರೂಪದಲ್ಲಿ ಹಿಡಿದದ್ದು ಮೂತ್ರದಿಂದ! ಜಪಾನಿನ ರಕ್ತಹೀನತೆಯ ರೋಗಿಗಳಿಂದ ಸಂಗ್ರಹಿಸಿದ 2,550 ಲೀಟರ್ ಮೂತ್ರವನ್ನು ಒಣಗಿಸಿ ತಕಾಜಿ ಮಿಯಾಕೆ ಷಿಕಾಗೋಗೆ ಒಯ್ದರು. ಅಲ್ಲಿ ಯೂಜಿನ್ ಗೋಲ್ಡ್‌ವಾಸರ್ ಜೊತೆ ಸೋಸಿ ಸೋಸಿ, 1977ರಲ್ಲಿ ಕೆಲವೇ ಮಿಲಿಗ್ರಾಂ ಪಡೆದರು. 1989ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. ಮರುವರ್ಷವೇ ಒಲಿಂಪಿಕ್ ಸಮಿತಿ ಆಟಗಾರರಿಗೆ ನಿಷೇಧಿಸಿತು. ಕಳ್ಳರು ಅಷ್ಟು ಚುರುಕು.

ನಿಷೇಧವೇನೋ ಬಂತು, ಹಿಡಿಯುವುದು ಹೇಗೆ? ಇಪಿಒ ಹಿಡಿಯುವ ಮೂತ್ರ ಪರೀಕ್ಷೆ ಒಲಿಂಪಿಕ್ಸಿಗೆ ಕಾಲಿಟ್ಟದ್ದು 2000ದ ಸಿಡ್ನಿಯಲ್ಲಿ. ನಡುವಿನ ಹತ್ತು ವರ್ಷ ಸೈಕಲ್ ಓಟಗಾರರಿಗೆ ಸುಗ್ಗಿ. 1997ರಲ್ಲಿ ಸೈಕ್ಲಿಂಗ್ ಒಕ್ಕೂಟ, ಪುರುಷರ ರಕ್ತದಲ್ಲಿ ಕೆಂಪುಕಣದ ಪಾಲು ನೂರಕ್ಕೆ 50 ಮೀರಿದರೆ ಓಡುವಂತಿಲ್ಲ ಎಂದಿತು. ಹಲವರು 49ಕ್ಕೆ ತಂದು ನಿಲ್ಲಿಸಿಕೊಂಡರು! 1996ರ ಟೂರ್ ಡಿ ಫ್ರಾನ್ಸ್ ಗೆದ್ದ ಬ್ಯಾರ್ನೆ ರೀಸ್‌ಗೆ ‘ಮಿಸ್ಟರ್ 60 ಪರ್ಸೆಂಟ್’ ಎಂಬ ಅಡ್ಡಹೆಸರೇ ಇತ್ತು, 2007ರಲ್ಲಿ ತಪ್ಪೊಪ್ಪಿಕೊಂಡರು. ಇಂಥದೇ ಕಳ್ಳಾಟಕ್ಕೆ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಕಳೆದುಕೊಂಡದ್ದು ಅದೇ ಓಟದ ಏಳು ಪ್ರಶಸ್ತಿ.

ಕಣ ಹೆಚ್ಚಿದರೆ ಆಮ್ಲಜನಕ ಹೆಚ್ಚು, ದಮ್ಮು ಹೆಚ್ಚು. ಜೊತೆಗೆ ರಕ್ತವೂ ಗಂಜಿಯಂತೆ ಮಂದವಾಗುತ್ತದೆ. ಹೆಪ್ಪುಗಟ್ಟಿದರೆ ಪಾರ್ಶ್ವವಾಯು, ಹೃದಯಾಘಾತ. ಅದಕ್ಕೇ ಕಿಡ್ನಿ ರೋಗಿಗಳಲ್ಲೂ ಈ ಔಷಧಿಯಿಂದ ಹಿಮೋಗ್ಲೋಬಿನ್ 13 ದಾಟಿಸಬೇಡಿ ಎಂದಿತು 2012ರ ವೈದ್ಯಕೀಯ ಮಾರ್ಗಸೂಚಿ. ಮೊದಲೇ 15 ಇರುವ ಗಟ್ಟಿ ಆಳು ಇನ್ನಷ್ಟು ಚುಚ್ಚಿಕೊಳ್ಳುವುದಕ್ಕೆ ಏನೆನ್ನೋಣ?

ಸೂಜಿಯಿಲ್ಲದೆ ಇಪಿಒ ಹೆಚ್ಚಿಸುವ ದಾರಿ ಇಲ್ಲೇ ಪಕ್ಕದಲ್ಲಿ ಹಾದುಹೋಗಿದೆ. ನಮ್ಮೂರು ಹದಿನಾರಿನಿಂದ ನಂಜನಗೂಡಿಗೆ ಬಂದು ಗುಂಡ್ಲುಪೇಟೆ, ಬಂಡೀಪುರ ದಾಟಿದರೆ ಊಟಿ. ನಂಜನಗೂಡು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಮೇಲಿದ್ದರೆ ಊಟಿ 2,240 ಮೀಟರ್. ಅಲ್ಲಿನ ತೆಳುಗಾಳಿಗೆ ಕಿಡ್ನಿ ಕೆಲವೇ ಗಂಟೆಗಳಲ್ಲಿ ಹೆಚ್ಚು ಹಾರ್ಮೋನು ಬಿಡತೊಡಗುತ್ತದೆ. ಭಾರತದ ದೂರದ ಓಟಗಾರರ ಶಿಬಿರಗಳು ಅಲ್ಲಿ ನಡೆದಿರುವುದು ಸುಮ್ಮನೆ ಅಲ್ಲ. ಆದರೆ ಕಣ ಬೆಳೆಯಲು ಮೂರು ನಾಲ್ಕು ವಾರ ಅಲ್ಲೇ ಇರಬೇಕು. ಭಾನುವಾರ ಹೋಗಿ ಬೋಟಿಂಗ್ ಮಾಡಿಬಂದರೆ ವರ್ಕಿ ತಿಂದದ್ದಷ್ಟೇ ಲಾಭ. ಹೀಗೆ ಎತ್ತರದಲ್ಲಿದ್ದು ಕಣ ಬೆಳೆಸಿಕೊಳ್ಳುವುದು ನಿಯಮಬದ್ಧ, ನಿಷೇಧವಿಲ್ಲ.

ತೆಳುಗಾಳಿಯಲ್ಲಿ ಆಮ್ಲಜನಕ ಕಡಿಮೆಯಾದದ್ದನ್ನು ಜೀವಕೋಶ ಪತ್ತೆಹಚ್ಚುವುದು ಹೇಗೆಂದು ತೋರಿಸಿದ ಮೂವರಿಗೆ 2019ರ ವೈದ್ಯಕೀಯ ನೊಬೆಲ್ ಬಂತು.

ಹಾರ್ಮೋನು ಎಷ್ಟಿದ್ದರೂ ಕಬ್ಬಿಣಾಂಶ ಇಲ್ಲದೆ ಹಿಮೋಗ್ಲೋಬಿನ್ ಆಗದು. ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದಿತ್ತು 2019–20ರ ಕುಟುಂಬ ಆರೋಗ್ಯ ಸಮೀಕ್ಷೆ. ಅವರಲ್ಲಿ ಓಡುವ ಹುಡುಗಿಗೆ ಮೊದಲು ಬೇಕಾದದ್ದು ಕಬ್ಬಿಣದ ಮಾತ್ರೆ.

ಚುಚ್ಚಿದ ಇಪಿಒ ಕೆಲವೇ ದಿನದಲ್ಲಿ ಮೂತ್ರದಿಂದ ಮಾಯ. ಅದು ಹುಟ್ಟಿಸಿದ ಕಣ ಬದುಕುವುದು ಸುಮಾರು 120 ದಿನ. ಈ ಸಂದಿನಲ್ಲಿ ನುಸುಳುವವರಿಗಾಗಿಯೇ ಬಂದದ್ದು ‘ಜೈವಿಕ ಪಾಸ್‌ಪೋರ್ಟ್’. ಆಟಗಾರನ ರಕ್ತದ ಲೆಕ್ಕವನ್ನು ವರ್ಷಗಟ್ಟಲೆ ಬರೆದಿಟ್ಟು, ಏರುಪೇರು ಕಂಡರೆ ಕೊರಳಪಟ್ಟಿ ಹಿಡಿಯುವ ಏರ್ಪಾಡು.

2023ರಲ್ಲಿ ಭಾರತದ ಆಟಗಾರರಿಂದ ಪಡೆದ 5,606 ಪರೀಕ್ಷಾ ಮಾದರಿಗಳಲ್ಲಿ 213ರಲ್ಲಿ ನಿಷೇಧಿತ ವಸ್ತುಗಳು ಸಿಕ್ಕಿದವು. ಇವೆಲ್ಲ ಇಪಿಒ ಅಲ್ಲ, ಸ್ಟೀರಾಯ್ಡ್ ಮುಂತಾದವೂ ಸೇರಿವೆ.

ಹುಟ್ಟಿನಿಂದಲೇ ‘ಡೋಪ್’ ಆದವರೂ ಇದ್ದಾರೆ! ಫಿನ್ಲೆಂಡಿನ ಸ್ಕೀ ಓಟಗಾರ ಈರೊ ಮ್ಯಾಂಟಿರಾಂಟಾ ಏಳು ಒಲಿಂಪಿಕ್ ಪದಕ ಗೆದ್ದವರು. ಹಿಮೋಗ್ಲೋಬಿನ್ 20ರ ಮೇಲಿತ್ತು, ಜನ ಅನುಮಾನಿಸಿದರು. ಇಪಿಒ ಅಪ್ಪಣೆಗೆ ಅವರ ಮಜ್ಜೆ ಅತಿಯಾಗಿ ಓಗೊಡುತ್ತಿತ್ತು, ಅದು ವಂಶದಲ್ಲೇ ಬಂದ ಜೀನ್ ವ್ಯತ್ಯಾಸ ಎಂದು ವಿಜ್ಞಾನಿಗಳು ತೋರಿಸಿದ್ದು 1993ರಲ್ಲಿ. ಅಷ್ಟರಲ್ಲಿ ಅವರು ಆಟ ಬಿಟ್ಟು ಎರಡು ದಶಕವೇ ಆಗಿತ್ತು.