ಹೆರಾಲ್ಡ್ ಕಾರಿನ ಕೀಲೆಣ್ಣೆ

ಜೇವರ್ಗಿ ತಾಲ್ಲೂಕಿನ ಕೊಳಕೂರದಿಂದ ಅಫಜಲಪುರ, ಆಳಂದಗಳವರೆಗೆ ಹಬ್ಬಿಕೊಂಡಿರುವ ಎರೆಯ ಸೀಮೆಯಲ್ಲಿ, ಅಚ್ಚಿಗೆ ಕೀಲೆಣ್ಣೆ ಬಿಡದೆ ಬಂಡಿ ಹೂಡುವ ಒಕ್ಕಲಿಗನು ಹಿಂದಿನ ಕಾಲದಲ್ಲಿ ಇರಲಿಲ್ಲವೆಂಬುದು ಹಿರಿಯರೆಲ್ಲರೂ ಬಲ್ಲ ಸಂಗತಿ. ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಬಂಡಿಗೇ ತೂಗುಹಾಕಿಕೊಳ್ಳುತ್ತಿದ್ದ ಆ ವಿವೇಕವು ಮೋಟಾರು ವಾಹನದಲ್ಲಿಯೂ ಅಷ್ಟೇ ಅವಶ್ಯಕವೆಂಬುದನ್ನು ತೋರಿಸಿಕೊಡುವ ಕಾರೊಂದುಂಟು. ಅದು ಸ್ಟ್ಯಾಂಡರ್ಡ್ ಹೆರಾಲ್ಡ್.

ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಿಂದ ಹೊರಬಂದ ಈ ಕಾರಿನ ಆಕೃತಿಯನ್ನು ರೂಪಿಸಿದವನು ಇಟಲಿಯ ಟ್ಯುರಿನ್ ನಗರದ ಜೊವಾನಿ ಮಿಕೆಲೊಟ್ಟಿ. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಸಂಸ್ಥೆಯು ಅದನ್ನು ನಮ್ಮಲ್ಲಿಯೇ ತಯಾರಿಸಲಾರಂಭಿಸಿತು. ಅಂಬಾಸಿಡರ್, ಫಿಯಟ್‌ಗಳ ಜೊತೆಗೆ ಅಂದಿನ ಕುಟುಂಬಗಳ ಮೂರನೆಯ ಆಯ್ಕೆಯಾಗಿದ್ದ ಹೆರಾಲ್ಡಿನ ಮುಂಗಾಲಿಗಳ ಜೋಡಣೆಯೇ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಪ್ರಖ್ಯಾತ ಕ್ರೀಡಾಕಾರಿಗೂ ಆಧಾರವಾಯಿತೆಂಬುದು ಅನೇಕರಿಗೆ ತಿಳಿಯದು. ಆ ಸ್ಪಿಟ್‌ಫೈರ್ 1980ರವರೆಗೂ ತಯಾರಾಯಿತು. ಅದರ ಪ್ರೇಮಿಗಳು ಇಂದಿಗೂ ಅಸಂಖ್ಯರಾಗಿರುವುದರಿಂದ ಇಂಗ್ಲೆಂಡಿನಲ್ಲಿ ಈ ಜೋಡಣೆಯ ಬಿಡಿಭಾಗಗಳು ಇನ್ನೂ ತಯಾರಾಗುತ್ತಿವೆ. ಮದರಾಸಿನ ಹೆರಾಲ್ಡನ್ನು ಉಳಿಸಿಕೊಂಡಿರುವ ನಮ್ಮವರ ಭಾಗ್ಯಕ್ಕೂ ಅದೇ ಕಾರಣ.

ಮನೆಯಂಗಳದಲ್ಲಿಯೇ ರಿಪೇರಿ ಮಾಡಿಕೊಳ್ಳಲು ಇದಕ್ಕಿಂತ ಅನುಕೂಲವಾದ ಕಾರನ್ನು ನಾನು ಕಾಣೆ. ಬಾನೆಟ್ಟು, ಮಡ್‌ಗಾರ್ಡು, ದೀಪಗಳೆಲ್ಲವೂ ಒಂದೇ ಕವಚವಾಗಿ ಮುಂದಕ್ಕೆ ಬಾಗಿ ತೆರೆದುಕೊಳ್ಳುವುದರಿಂದ, ಎಂಜಿನ್ನಿನ ಇಬ್ಬದಿಯಲ್ಲಿ ಮುಂಗಾಲಿಯ ಸಮಸ್ತ ಅಂಗಗಳೂ ನಿಂತವನ ಕೈಗೆ ಎಟಕುವಂತೆ ಪ್ರತ್ಯಕ್ಷವಾಗುತ್ತವೆ. ಮೇಲೊಂದು ಕೆಳಗೊಂದು ಕವಲುಗೈ. ಅವುಗಳ ನಡುವೆ ಸುರುಳಿ ಸ್ಪ್ರಿಂಗು, ಅದರ ಗರ್ಭದಲ್ಲಿ ಶಾಕ್ ಅಬ್ಸಾರ್ಬರು. ಹೊರತುದಿಯಲ್ಲಿ ಚಕ್ರವನ್ನು ಹೊತ್ತು ನಿಂತ ಉಕ್ಕಿನ ಕಂಬ. ಆ ಕಂಬದ ನೆತ್ತಿಯಲ್ಲಿ ಬಾಲ್ ಜಾಯಿಂಟಿದ್ದರೆ, ಬುಡದಲ್ಲಿರುವುದು ಟ್ರನಿಯನ್ ಎಂಬ ಹಿತ್ತಾಳೆಯ ಕೀಲು. ಕಂಬದ ತುದಿಯ ಮರೆಯು ಈ ಕೀಲಿನೊಳಗೆ ತಿರುಪಿನಂತೆ ಕುಳಿತಿದ್ದು, ಸ್ಟೇರಿಂಗು ತಿರುಗಿಸಿದಾಗಲೆಲ್ಲ ಕಾರಿನ ಮುಂಭಾರವನ್ನು ಹೊತ್ತುಕೊಂಡೇ ಅತ್ತಿತ್ತ ಹೊರಳುತ್ತದೆ. ಈ ಜೋಡಣೆಯ ದೆಸೆಯಿಂದಲೇ ಹೆರಾಲ್ಡ್ ಸುಮಾರು 25 ಅಡಿ ವ್ಯಾಸದ ವೃತ್ತದಲ್ಲಿ ಹೊರಳಿ ಬರುವಷ್ಟು ಚಪಲವಾದ ಕಾರಾಯಿತು; ಈ ಕೀಲಿನ ಉಪೇಕ್ಷೆಯಿಂದಲೇ ಎಷ್ಟೋ ಹೆರಾಲ್ಡುಗಳು ನಡುರಸ್ತೆಯಲ್ಲಿ ಚಕ್ರ ಮಡಿಸಿ ಕುಳಿತವು.

ಕಾರಣವು ಸರಳವಾದುದು. ಟ್ರನಿಯನ್ನಿಗೆ ಹಾಕತಕ್ಕದ್ದು ಗ್ರೀಸಲ್ಲ, ಗೇರುಪೆಟ್ಟಿಗೆಗೆ ಬಳಸುವ 90ರ ದಪ್ಪ ಎಣ್ಣೆ. 6000 ಮೈಲಿಗೊಮ್ಮೆ ಚಕ್ರವನ್ನು ನೆಲದಿಂದ ಎತ್ತಿ, ಕೀಲಿನ ಪ್ಲಗ್ಗು ಬಿಚ್ಚಿ, ಅಲ್ಲಿ ನಿಪ್ಪಲ್ ಕೂರಿಸಿ, ಎಣ್ಣೆಯು ಮೇಲಿಂದ ಜಿನುಗುವವರೆಗೆ ಪಿಚಕಾರಿಯಿಂದ ಒತ್ತಬೇಕೆಂಬುದು ತಯಾರಕರ ವಿಧಿ. ಗ್ರೀಸಾದರೋ ಕಾಲಾಂತರದಲ್ಲಿ ಗಟ್ಟಿಗಟ್ಟಿ ಮರೆಯ ಆಳಕ್ಕೆ ಇಳಿಯದೆ ನಿಲ್ಲುತ್ತದೆ; ಒಳಹೊಕ್ಕ ನೀರು ಉಕ್ಕಿಗೆ ತುಕ್ಕು ಹಿಡಿಸುತ್ತದೆ; ಬಿಗಿದುಕೊಂಡ ಕೀಲಿನ ವಿರುದ್ಧ ಪ್ರತಿ ತಿರುವಿನಲ್ಲಿಯೂ ಸೆಣಸುವ ಕಂಬವು ಒಳಗೊಳಗೇ ಬಿರುಕುಬಿಟ್ಟು ಒಂದು ದಿನ ಮುರಿಯುತ್ತದೆ. ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವ ಎರೆಭೂಮಿಯ ಮೇಲಿನ ರಸ್ತೆಗಳು ಅಲೆಯಲೆಯಾಗಿ ಏರಿಳಿಯುವ ನಮ್ಮ ಭೀಮಾತೀರದಲ್ಲಿ ಈ ಅಪಾಯವು ಇನ್ನಷ್ಟು ಸಮೀಪದ್ದೆಂದು ಬಗೆಯಬೇಕು. ಸ್ಟೇರಿಂಗು ಭಾರವಾಗುವುದೇ ಅದರ ಮೊದಲ ಸೂಚನೆ. ಚಕ್ರವನ್ನು ಎತ್ತಿ, ಮೇಲಕ್ಕೊಂದು ಕೆಳಕ್ಕೊಂದು ಕೈಯಿಟ್ಟು ಅಲ್ಲಾಡಿಸಿದರೆ ಸವೆದ ಬುಷ್ಷಿನ ಸಡಿಲು ಅಂಗೈಗೇ ತಿಳಿಯುತ್ತದೆ.

ಕೆಲಸಕ್ಕೆ ತೊಡಗುವವನು ಮೊದಲು ನೆಲವನ್ನು ನೋಡಿಕೊಳ್ಳಬೇಕು. ನಮ್ಮ ಕಡೆಯ ಅಂಗಳಗಳಿಗೆ ಹಾಸುವ ಶಹಾಬಾದ ಕಲ್ಲು ಸಮತಟ್ಟಾಗಿರುವುದೇನೋ ದಿಟ. ಆದರೆ ತೆಳುವಾದ ಹಾಸುಗಲ್ಲು ಜ್ಯಾಕಿನ ಏಕಬಿಂದುವಿನ ಭಾರಕ್ಕೆ ಸೀಳುವ ಸಂಭವವುಂಟಾದ ಕಾರಣ ಅದರ ಮೇಲೊಂದು ದಪ್ಪ ಹಲಗೆಯನ್ನು ಹಾಕತಕ್ಕದ್ದು. ಕಾರನ್ನು ಚಾಸಿಯ ಕೆಳಗಿಟ್ಟ ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸದೆ, ಬರಿಯ ಜ್ಯಾಕನ್ನು ನಂಬಿ ಕೆಳಗೆ ನುಸುಳಕೂಡದು. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರುಗಳು ಒಂದೇ ಘಟಕವಾಗಿ ಹೊರಬರುತ್ತವೆ. ಮೇಲಿನ ಮೂರು ನಟ್ಟು, ಕೆಳಗಿನ ಒಂದು ಬೋಲ್ಟು ಬಿಚ್ಚಿದರಾಯಿತು. ಆದರೆ ಘಟಕದ ನೆತ್ತಿಯ ನಡುವಿನ ನಟ್ಟಿಗೆ, ಸ್ಪ್ರಿಂಗನ್ನು ಅದುಮಿ ಹಿಡಿಯುವ ಸಾಧನವಿಲ್ಲದೆ ಪಾನಾ ಹಚ್ಚುವುದು ಪ್ರಾಣದೊಡನೆ ಆಟವಾಡಿದಂತೆ. ಅದುಮಿದ ಸ್ಪ್ರಿಂಗಿನಲ್ಲಿ ಅಡಗಿರುವ ಶಕ್ತಿಯು ಮನುಷ್ಯನ ಮುಖಮೂತಿಗಳನ್ನು ಲೆಕ್ಕಿಸದು. ಆ ಒಂದು ಕಾರ್ಯವನ್ನು ಪಟ್ಟಣದ ಅನುಭವಿ ಮಿಸ್ತ್ರಿಗೆ ಒಪ್ಪಿಸುವುದೇ ಲೇಸು. ಅದರಿಂದ ಯಾರ ಸ್ವಾವಲಂಬನೆಗೂ ಕುಂದಿಲ್ಲ.

ಹೊಸ ಟ್ರನಿಯನ್ ತೊಡಿಸುವಾಗ ಎಡಬಲಗಳ ವಿವೇಚನೆ ಅಗತ್ಯ. ಒಂದು ಬದಿಯ ಮರೆ ಬಲತಿರುವಿನದು, ಇನ್ನೊಂದು ಬದಿಯದು ಎಡತಿರುವಿನದು. ಕೊನೆಯವರೆಗೆ ತಿರುಗಿಸಿ, ಅನಂತರ ಚಕ್ರವು ಎರಡೂ ಕಡೆಗೆ ಪೂರ್ಣವಾಗಿ ಹೊರಳಲು ಸಾಕಾಗುವಷ್ಟು ಹಿಂದೆಗೆಯಬೇಕು. ಹಳೆಯ ಕಂಬದ ಮರೆಯಲ್ಲಿ ತುಕ್ಕಿನ ಗುಳಿಗಳು ಕಂಡರೆ, ಹೊಸ ಹಿತ್ತಾಳೆಯನ್ನು ಅದಕ್ಕೆ ತೊಡಿಸಿ ಹಣ ಉಳಿಸಿದೆನೆಂದು ಸಮಾಧಾನಪಡುವುದು ಸಲ್ಲದು. ಮುರಿಯುವುದು ಉಕ್ಕೇ ಹೊರತು ಹಿತ್ತಾಳೆಯಲ್ಲ. ಕೆಳಗಿನ ಕವಲುಗೈಯ ಹಿಡಿಕೆಗಳಿಗೂ ಚಾಸಿಗೂ ನಡುವೆ ಇರುವ ತೆಳು ತಗಡಿನ ಬಿಲ್ಲೆಗಳನ್ನು ಇದ್ದಷ್ಟೇ ಸಂಖ್ಯೆಯಲ್ಲಿ, ಇದ್ದ ಸ್ಥಾನದಲ್ಲಿಯೇ ಮರಳಿಡಬೇಕು, ಏಕೆಂದರೆ ಚಕ್ರದ ಓರೆಯನ್ನು ನಿರ್ಣಯಿಸುವುದು ಅವೇ. ರಬ್ಬರ್ ಬುಷ್ಷುಗಳ ಬೋಲ್ಟುಗಳನ್ನಂತೂ ಕಾರು ನೆಲಕ್ಕಿಳಿದು ತನ್ನ ಭಾರದ ಮೇಲೆ ತಾನು ನಿಂತ ನಂತರವೇ ಬಿಗಿಯತಕ್ಕದ್ದು. ಚಕ್ರ ಜೋತುಬಿದ್ದಾಗಲೇ ಬಿಗಿದರೆ, ರಬ್ಬರು ಸದಾ ತಿರುಚಿಕೊಂಡ ಸ್ಥಿತಿಯಲ್ಲಿಯೇ ದುಡಿದು ಅಕಾಲದಲ್ಲಿ ಹರಿಯುತ್ತದೆ. ಆತುರಗಾರರು ತಪ್ಪುವುದು ಬಹುಮಟ್ಟಿಗೆ ಇಲ್ಲಿಯೇ.

ಧರ್ಮಸ್ಥಳದ ಕಾರು ಸಂಗ್ರಹಾಲಯದಂಥ ಸ್ಥಳಗಳಲ್ಲಿ ಹಳೆಯ ಮೋಟಾರುಗಳು ಸುರಕ್ಷಿತವಾಗಿ ನಿಂತಿರುವುದು ಸಂತೋಷದ ವಿಷಯವೇ. ಆದರೂ ಹೆರಾಲ್ಡಿನಂಥ ಕಾರು ಉಳಿಯಬೇಕಾದದ್ದು ರಸ್ತೆಯ ಮೇಲೆ, ಮನೆಯವರ ಕೈಯಲ್ಲಿ, ಎಂಬುದೇ ನನ್ನ ದೃಢವಾದ ಅಭಿಪ್ರಾಯ. ತಂದೆಯ ಅಥವಾ ಅಜ್ಜನ ಕಾಲದ ಹೆರಾಲ್ಡೊಂದು ನಿಮ್ಮ ಮನೆಯ ಕೊಟ್ಟಿಗೆಯಲ್ಲಿ ನಿಂತಿದ್ದರೆ, ಅದನ್ನು ಚಾಲೂ ಮಾಡುವ ಮುನ್ನ ಮುಂಗಾಲಿಗಳೆರಡನ್ನೂ ಎತ್ತಿ ಪರೀಕ್ಷಿಸಿ, ಟ್ರನಿಯನ್ನಿಗೆ 90ರ ಎಣ್ಣೆಯನ್ನು ಹಾಕಿರಿ.